ಪಡೆಯದ ಸಾಲ, ಕಟ್ಟದ ಕಂತು: ಕ್ರೆಡಿಟ್ ಬ್ಯೂರೋಗಳ ದೂರು ಸೇವೆಯನ್ನು ಬಳಸಿ ನೋಡಿದ ಮೇಲೆ

ದಾವಣಗೆರೆಯಲ್ಲಿ ಮನೆ ಕಟ್ಟಿಸಲು ಸಾಲ ಕೇಳಿ ಅರ್ಜಿ ಹಾಕಿದ್ದ ಬ್ಯಾಂಕಿನಿಂದ 2025ರ ಫೆಬ್ರುವರಿ 10ರಂದು ಕರೆ ಬಂತು. ಸಾಲ ವಿಭಾಗದ ಅಧಿಕಾರಿ ಸೌಜನ್ಯದಿಂದಲೇ, “ಮೇಡಂ, ನಿಮ್ಮ ಸಿಬಿಲ್‌ನಲ್ಲಿ ಒಂದು ಪರ್ಸನಲ್ ಲೋನ್ ಓವರ್‌ಡ್ಯೂ ತೋರಿಸುತ್ತಿದೆ. ಅದನ್ನು ಕ್ಲಿಯರ್ ಮಾಡಿಸಿಕೊಂಡು ಬನ್ನಿ, ಆಮೇಲೆ ಫೈಲ್ ಮುಂದಕ್ಕೆ ಕಳಿಸೋಣ” ಎಂದರು. ಹದಿನೇಳು ವರ್ಷದಿಂದ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿರುವ ನಾನು ಜೀವಮಾನದಲ್ಲಿ ಪಡೆದದ್ದು ಒಂದು ಸ್ಕೂಟರ್ ಸಾಲ ಮತ್ತು ಒಂದು ಚಿನ್ನದ ಸಾಲ. ಎರಡೂ ತೀರಿ ವರ್ಷಗಳಾಗಿದ್ದವು. ಯಾರೋ ನನ್ನ ಹೆಸರಿನಲ್ಲಿ, ನನ್ನ ಪ್ಯಾನ್ ಸಂಖ್ಯೆಯ ಮೇಲೆ ಸಾಲ ಎತ್ತಿದ್ದರು. ಆ ತಪ್ಪನ್ನು ವರದಿಯಿಂದ ತೆಗೆಸಲು ನಾನು ಬಳಸಿದ ಸೇವೆಗಳು ಹೇಗಿವೆ, ಎಲ್ಲಿ ಕೈ ಹಿಡಿದವು, ಎಲ್ಲಿ ಅಲೆದಾಡಿಸಿದವು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇದೇ ತೊಂದರೆಯಲ್ಲಿರುವವರಿಗೆ ನಾನು ಮಾಡಿದ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ನಮ್ಮಲ್ಲಿ ‘ಸಿಬಿಲ್’ ಎಂಬುದು ಎಲ್ಲದಕ್ಕೂ ಸಲ್ಲುವ ಹೆಸರಾಗಿಬಿಟ್ಟಿದೆ. ಸಾಲ ತೀರಿಸಿದ ಚರಿತ್ರೆ ನೋಡಿ ಕೊಡುವ ಅಂಕವಾದ ಸ್ಕೋರ್ ಇಳಿದರೆ ‘ಸಿಬಿಲ್ ಬಿದ್ದಿದೆ’ ಎನ್ನುತ್ತೇವೆ. ವಾಸ್ತವದಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ, ಯಾರು ಎಷ್ಟು ಸಾಲ ಪಡೆದು ಹೇಗೆ ತೀರಿಸಿದರು ಎಂದು ದಾಖಲಿಸಿಡುವ ಸಾಲ ಮಾಹಿತಿ ಕಂಪನಿಗಳು, ಅಂದರೆ ಕ್ರೆಡಿಟ್ ಬ್ಯೂರೋಗಳು, ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಸಾಲ ಕೊಡುವ ಪ್ರತಿ ಸಂಸ್ಥೆಯೂ ಈ ನಾಲ್ಕರ ಸದಸ್ಯನಾಗಿರಬೇಕೆಂದು ರಿಸರ್ವ್ ಬ್ಯಾಂಕ್ 2015ರಲ್ಲೇ ಆದೇಶಿಸಿದೆ. ಹೀಗಾಗಿ ಒಂದು ಸುಳ್ಳು ಸಾಲ ಹುಟ್ಟಿತೆಂದರೆ ಅದು ನಾಲ್ಕು ಪುಸ್ತಕಗಳಲ್ಲಿ ಬರೆಯಲ್ಪಡುತ್ತದೆ, ಅಳಿಸುವಾಗಲೂ ನಾಲ್ಕು ಕಡೆ ನೋಡಬೇಕಾಗುತ್ತದೆ. ಬ್ಯಾಂಕಿನವರು ತೋರಿಸಿದ ಒಂದು ವರದಿಯನ್ನಷ್ಟೇ ನೆಚ್ಚಿ ಕೂತಿದ್ದರೆ ನನ್ನ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಮೊದಲು ವರದಿ ಪಡೆಯುವ ಸೇವೆಯ ಬಗ್ಗೆ ಹೇಳುತ್ತೇನೆ. ಪ್ರತಿ ಬ್ಯೂರೋ ವರ್ಷಕ್ಕೊಮ್ಮೆ, ಸ್ಕೋರ್ ಸಮೇತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಈ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ಉಚಿತ ವರದಿಯ ಕೊಂಡಿಯನ್ನು ಜಾಲತಾಣದಲ್ಲಿ ಎದ್ದು ಕಾಣುವಂತೆ ಇಡಬೇಕೆಂದೂ ರಿಸರ್ವ್ ಬ್ಯಾಂಕ್ ಹೇಳಿದೆ. ನನ್ನ ಅನುಭವದಲ್ಲಿ ಎರಡು ಕಡೆ ಕೊಂಡಿ ಸುಲಭವಾಗಿ ಸಿಕ್ಕಿತು. ಒಂದು ಕಡೆ ಮಾತ್ರ ತಿಂಗಳ ಚಂದಾ, ವಾರ್ಷಿಕ ಚಂದಾ ಎಂಬ ದೊಡ್ಡ ಗುಂಡಿಗಳನ್ನು ದಾಟಿ, ಪುಟದ ಕೆಳಗಿನವರೆಗೆ ಹೋಗಿ ಹುಡುಕಬೇಕಾಯಿತು. ಗಾಬರಿಯಲ್ಲಿರುವ ಮನುಷ್ಯ ಮೊದಲು ಕಂಡ ಗುಂಡಿಯನ್ನೇ ಒತ್ತಿ ಹಣ ಕಟ್ಟುತ್ತಾನೆ, ಹಾಗಾಗಿ ಇದನ್ನು ನಾನು ಸಣ್ಣ ಲೋಪವೆಂದು ಎಣಿಸಲಾರೆ. ಅದೇ ರಾತ್ರಿ ಹನ್ನೊಂದರೊಳಗೆ ನಾಲ್ಕೂ ವರದಿಗಳು ಒಂದು ಪೈಸೆ ಖರ್ಚಿಲ್ಲದೆ ನನ್ನ ಕೈಯಲ್ಲಿದ್ದವು.

ವರದಿ ಓದುವುದನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುವುದು ಒಳ್ಳೆಯದು. ನನ್ನ ಸ್ಕೋರ್ 612 ಎಂದಿತ್ತು. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ, ಹಿಂದಿನ ವರ್ಷ ನೋಡಿದಾಗ ನನ್ನದು 781 ಇತ್ತು. ಆದರೆ ಸ್ಕೋರ್ ನೋಡಿ ಕೊರಗುವುದರಿಂದ ಪ್ರಯೋಜನವಿಲ್ಲ, ಅದರ ಕೆಳಗಿನ ಖಾತೆಗಳ ಪಟ್ಟಿಯನ್ನು ನೋಡಬೇಕು. ಅಲ್ಲಿ ನನ್ನ ಎರಡು ಹಳೆಯ ಸಾಲಗಳ ಪಕ್ಕದಲ್ಲಿ ಮೂರನೆಯದೊಂದು ಕೂತಿತ್ತು: ವೈಯಕ್ತಿಕ ಸಾಲ, 2024ರ ಆಗಸ್ಟ್‌ನಲ್ಲಿ ಆರಂಭ, ಮಂಜೂರಾದ ಮೊತ್ತ 42,000 ರೂಪಾಯಿ. ಅದರಡಿಯಲ್ಲಿ ತಿಂಗಳಿಗೊಂದರಂತೆ ಪುಟ್ಟ ಚೌಕಗಳು. ಗಡುವು ಮೀರಿ ಎಷ್ಟು ದಿನವಾಯಿತು ಎಂಬುದನ್ನು ಆ ಚೌಕಗಳು ಹೇಳುತ್ತವೆ. ಸರಿಯಾಗಿ ಕಟ್ಟಿದ್ದರೆ ಮೂರು ಸೊನ್ನೆ ಇರುತ್ತದೆ. ನನ್ನ ಸ್ಕೂಟರ್ ಸಾಲದ ಉದ್ದಕ್ಕೂ ಸೊನ್ನೆಗಳೇ ಇದ್ದರೆ, ಈ ಸಾಲದಲ್ಲಿ ಅಕ್ಟೋಬರ್‌ಗೆ 026, ನವೆಂಬರ್‌ಗೆ 056, ಡಿಸೆಂಬರ್‌ಗೆ 087, ಜನವರಿಗೆ 118 ಎಂದು ಬೆಳೆಯುತ್ತಾ ಹೋಗಿತ್ತು. ಸಾಲ ಪಡೆದವರು ಒಂದು ಕಂತನ್ನೂ ಕಟ್ಟಿರಲಿಲ್ಲ.

ಇನ್ನೂ ಮುಖ್ಯವಾದ ಸುಳಿವು ಹೆಸರು, ವಿಳಾಸಗಳ ಭಾಗದಲ್ಲಿತ್ತು. ನನ್ನ ಪ್ಯಾನ್, ಹುಟ್ಟಿದ ದಿನಾಂಕ ಎರಡೂ ಸರಿಯಾಗಿದ್ದವು. ಜೊತೆಗೆ ನಾನೆಂದೂ ಬಳಸದ ಒಂದು ಮೊಬೈಲ್ ಸಂಖ್ಯೆ, ನನ್ನದಲ್ಲದ ಒಂದು ಇಮೇಲ್, ನಾನು ಕಾಲಿಡದ ಒಂದು ಊರಿನ ವಿಳಾಸ ಸೇರಿಕೊಂಡಿದ್ದವು. ಎಲ್ಲಕ್ಕಿಂತ ಕೊನೆಯಲ್ಲಿರುವ ‘ಎನ್‌ಕ್ವೈರಿ’ ಪಟ್ಟಿಯಲ್ಲಿ ಅದೇ ಆಗಸ್ಟ್ ವಾರದಲ್ಲಿ ಬೇರೆ ಎರಡು ಸಂಸ್ಥೆಗಳೂ ನನ್ನ ವರದಿಯನ್ನು ತೆರೆದು ನೋಡಿದ್ದವು. ಅಂದರೆ ಕಳ್ಳರು ಮೂರು ಬಾಗಿಲು ತಟ್ಟಿದ್ದರು, ಒಂದು ತೆರೆದಿತ್ತು. ನಾಲ್ಕು ಬ್ಯೂರೋಗಳ ಪೈಕಿ ಮೂರರಲ್ಲಿ ಈ ಸಾಲ ದಾಖಲಾಗಿತ್ತು, ನಾಲ್ಕನೆಯದರಲ್ಲಿ ಎನ್‌ಕ್ವೈರಿ ಮತ್ತು ಆ ಅಪರಿಚಿತ ವಿಳಾಸ ಮಾತ್ರ ಇದ್ದವು. ಯಾರಾದರೂ ವರದಿ ತೆರೆದರೆ ಗ್ರಾಹಕರಿಗೆ ಎಸ್‌ಎಂಎಸ್ ಅಥವಾ ಇಮೇಲ್ ಹೋಗಬೇಕೆಂಬ ನಿಯಮ 2024ರ ಏಪ್ರಿಲ್ ಕೊನೆಯಿಂದ ಜಾರಿಯಲ್ಲಿದೆ, ಆದರೆ ಆ ಸಂದೇಶ ನನಗೆ ಬರಲಿಲ್ಲ. ಬ್ಯೂರೋಗಳ ಬಳಿ ನನ್ನ ಹಳೆಯ, ಬಳಕೆಯಲ್ಲಿಲ್ಲದ ಸಂಖ್ಯೆ ಇತ್ತು. ಮೊಬೈಲ್ ಸಂಖ್ಯೆ ಬದಲಿಸಿದವರು ಸಾಲದ ಖಾತೆಗಳಲ್ಲೂ ಅದನ್ನು ಬದಲಿಸಲೇಬೇಕೆಂದು ಅಂದು ತಿಳಿಯಿತು.

ಇನ್ನು ಈ ವಿಮರ್ಶೆಯ ಮುಖ್ಯ ಭಾಗವಾದ ದೂರು ಸೇವೆ. ಫೆಬ್ರುವರಿ 12ರಂದು ಮೂರೂ ಬ್ಯೂರೋಗಳಲ್ಲಿ ಆನ್‌ಲೈನ್ ಮೂಲಕ ಡಿಸ್ಪ್ಯೂಟ್ (ವರದಿಯಲ್ಲಿನ ತಪ್ಪಿನ ಬಗ್ಗೆ ತಕರಾರು) ದಾಖಲಿಸಿದೆ. ಶುಲ್ಕವಿಲ್ಲ, ಹದಿನೈದು ನಿಮಿಷದ ಕೆಲಸ, ಕೂಡಲೇ ದೂರು ಸಂಖ್ಯೆ ಬರುತ್ತದೆ. ಇಷ್ಟರಮಟ್ಟಿಗೆ ಸೇವೆ ಅಚ್ಚುಕಟ್ಟಾಗಿದೆ. ಆದರೆ ಯಾವ ಬಗೆಯ ತಪ್ಪು ಎಂದು ಆರಿಸುವ ಪಟ್ಟಿಯಲ್ಲಿ ನಾನು ‘ಬಾಕಿ ಮೊತ್ತ ತಪ್ಪಾಗಿದೆ’ ಎಂಬುದನ್ನು ಆರಿಸಿ, ಬಾಕಿ ಸೊನ್ನೆ ಎಂದು ಬರೆದೆ. ನಾನು ಸಾಲವನ್ನೇ ಪಡೆಯದಿರುವಾಗ ಬಾಕಿ ಎಲ್ಲಿಂದ ಬಂತು ಎಂಬುದು ನನ್ನ ತರ್ಕವಾಗಿತ್ತು. ಮಾರ್ಚ್ 3ರಂದು ಉತ್ತರ ಬಂತು: ಸಾಲ ನೀಡಿದ ಸಂಸ್ಥೆ ಮೊತ್ತವನ್ನು ಪರಿಶೀಲಿಸಿ ಸರಿಯಿದೆ ಎಂದು ದೃಢಪಡಿಸಿದೆ, ದೂರು ಮುಕ್ತಾಯವಾಗಿದೆ. ಅವರ ಪುಸ್ತಕದ ಪ್ರಕಾರ ಆ ಉತ್ತರ ಸರಿಯೇ ಆಗಿತ್ತು. 42,000 ಕೊಟ್ಟಿದ್ದಾರೆ, ಬಡ್ಡಿ ಸೇರಿದೆ, ಲೆಕ್ಕದಲ್ಲಿ ತಪ್ಪಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಪಟ್ಟಿಯಲ್ಲಿ ಇನ್ನೂ ಕೆಳಗೆ ‘ಈ ಖಾತೆ ನನಗೆ ಸೇರಿದ್ದಲ್ಲ’ ಎಂಬ ಆಯ್ಕೆ ಇತ್ತು. ಗುರುತು ಕಳವಾದವರು ಒತ್ತಬೇಕಾದದ್ದು ಅದನ್ನು ಮಾತ್ರ. ಈ ವ್ಯತ್ಯಾಸವನ್ನು ವಿವರಿಸುವ ಒಂದೇ ಒಂದು ಸಾಲು ಆ ಪುಟದಲ್ಲಿ ಇದ್ದಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು. ಇಡೀ ಅರ್ಜಿ ಇಂಗ್ಲಿಷಿನಲ್ಲೇ ಇದ್ದದ್ದು ಮತ್ತೊಂದು ಕೊರತೆ. ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನಿಗೆ ಇಂಥದ್ದೇ ಆದರೆ ಅವರು ಯಾರ ಕೈಯಲ್ಲಿ ತುಂಬಿಸಬೇಕು ಎಂದು ಯೋಚಿಸಿ ನಿಜಕ್ಕೂ ಸಂಕಟವಾಯಿತು.

ಬ್ಯೂರೋ ಎಂಬುದು ಪುಸ್ತಕ ಕಾಯುವ ಗುಮಾಸ್ತನಿದ್ದಂತೆ. ಅದರಲ್ಲಿ ಏನು ಬರೆಯಬೇಕು, ಏನು ಅಳಿಸಬೇಕು ಎಂದು ಹೇಳುವುದು ಸಾಲ ಕೊಟ್ಟ ಸಂಸ್ಥೆ. ದೂರು ಬಂದರೆ ಬ್ಯೂರೋ ಅದನ್ನು ಆ ಸಂಸ್ಥೆಗೆ ಕಳಿಸುತ್ತದೆ; ಸಂಸ್ಥೆ 21 ದಿನದೊಳಗೆ ಉತ್ತರಿಸಬೇಕು; ದೂರು ದಾಖಲಾದ 30 ದಿನದೊಳಗೆ ಎಲ್ಲವೂ ಮುಗಿಯಬೇಕು. ಸಂಸ್ಥೆ ‘ಸರಿಯಿದೆ’ ಎಂದರೆ ಬ್ಯೂರೋ ತಾನಾಗಿ ಏನನ್ನೂ ತಿದ್ದುವುದಿಲ್ಲ. ಇದನ್ನು ಅರಿತ ಮೇಲೆ ನಾನು ಬ್ಯೂರೋದ ಸಹಾಯವಾಣಿಗೆ ಪದೇ ಪದೇ ಕರೆ ಮಾಡುವುದನ್ನು ನಿಲ್ಲಿಸಿ, ಸಾಲ ನೀಡಿದ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆಯಲು ಕೂತೆ.

ಆ ಪತ್ರವೇ ಈ ಇಡೀ ಹೋರಾಟದಲ್ಲಿ ಕೆಲಸಕ್ಕೆ ಬಂದ ಆಯುಧ. ಅದರಲ್ಲಿ ಗೋಳು ತೋಡಿಕೊಳ್ಳದೆ ಪ್ರಶ್ನೆಗಳನ್ನಷ್ಟೇ ಕೇಳಿದೆ. ಸಾಲದ ಒಪ್ಪಂದದ ಪ್ರತಿ ಕೊಡಿ. ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆಗೆ, ಪಡೆದ ದಾಖಲೆ, ಸೆಲ್ಫಿ ಅಥವಾ ವಿಡಿಯೋ ಕೊಡಿ. ಒಟಿಪಿ ಯಾವ ಸಂಖ್ಯೆಗೆ ಹೋಯಿತು? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಹಣವನ್ನು ಯಾವ ಬ್ಯಾಂಕ್ ಖಾತೆಗೆ ಹಾಕಿದಿರಿ, ಆ ಖಾತೆ ಯಾರ ಹೆಸರಿನಲ್ಲಿದೆ? ಆ್ಯಪ್ ಮೂಲಕ ಕೊಡುವ ಸಾಲದ ಹಣ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನೇರವಾಗಿ ಸಾಲಗಾರನ ಖಾತೆಗೇ ಹೋಗಬೇಕೆಂದು ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2022ರ ಸೆಪ್ಟೆಂಬರ್ ಮಾರ್ಗಸೂಚಿ ಹೇಳುತ್ತಿತ್ತು. ನನ್ನ ಪ್ಯಾನ್‌ಗೆ ಜೋಡಣೆಯಾದ ಎರಡೂ ಖಾತೆಗಳ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳ ಸ್ಟೇಟ್‌ಮೆಂಟ್‌ಗಳನ್ನು ಪತ್ರಕ್ಕೆ ಲಗತ್ತಿಸಿದೆ. 42,000 ಎಂಬ ಜಮೆ ಎಲ್ಲೂ ಇರಲಿಲ್ಲ. ‘ನಾನು ಸಾಲ ಪಡೆದಿಲ್ಲ’ ಎಂಬುದು ಬರೀ ಮಾತು, ‘ಹಣ ನನ್ನ ಖಾತೆಗೆ ಬಂದಿಲ್ಲ, ಇಗೋ ದಾಖಲೆ’ ಎಂಬುದು ಸಾಕ್ಷ್ಯ. ಮಾರ್ಚ್ 5ರಂದು ಈ ಪತ್ರವನ್ನು ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಕಳಿಸಿ, ಅದೇ ದಿನ ಬ್ಯೂರೋಗಳಲ್ಲಿ ಸರಿಯಾದ ಆಯ್ಕೆಯೊಂದಿಗೆ ಹೊಸ ಡಿಸ್ಪ್ಯೂಟ್ ಹಾಕಿದೆ.

ಪೊಲೀಸ್ ದೂರನ್ನು ಅದಕ್ಕೂ ಮೊದಲೇ ಕೊಟ್ಟಿದ್ದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದು ಸುಲಭ. ಆದರೆ ಅಲ್ಲಿ ಸಿಗುವ ಸ್ವೀಕೃತಿ ಸಂಖ್ಯೆಯನ್ನೇ ಎಫ್‌ಐಆರ್ ಎಂದುಕೊಳ್ಳಬಾರದು. 1930 ಸಹಾಯವಾಣಿ ಇರುವುದು ಮುಖ್ಯವಾಗಿ ಖಾತೆಯಿಂದ ಹಣ ಹೋದ ತಕ್ಷಣ ಅದನ್ನು ತಡೆಹಿಡಿಯಲು. ಆರು ತಿಂಗಳ ಹಿಂದಿನ ಸುಳ್ಳು ಸಾಲಕ್ಕೆ ಅದಕ್ಕಿಂತ ಠಾಣೆಗೆ ಹೋಗುವುದೇ ಸರಿ. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದು ಸೆನ್ ಠಾಣೆಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮು ಗುರುತಿನ ಕಳವಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ; ಕಂಪ್ಯೂಟರ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ 66ಡಿ ಕಲಮು ಇದೆ. ಈ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲವಾದ್ದರಿಂದ ಇನ್‌ಸ್ಪೆಕ್ಟರ್ ಸಿಗುವ ಹೊತ್ತು ನೋಡಿಕೊಂಡು ಹೋಗುವುದು ಉತ್ತಮ. ಮೊದಲ ದಿನ “ನಿಮ್ಮ ದುಡ್ಡೇನೂ ಹೋಗಿಲ್ವಲ್ಲಮ್ಮ” ಎಂದು ಕಳಿಸಿದರು. ಮನೆ ಸಾಲ ನಿಂತುಹೋಗಿದೆ ಎಂಬುದನ್ನು ಬ್ಯಾಂಕಿನ ಪತ್ರ ಸಮೇತ ತೋರಿಸಿದ ಮೇಲೆ, ಎರಡನೇ ಭೇಟಿಯಲ್ಲಿ, ಫೆಬ್ರುವರಿ 24ಕ್ಕೆ ಎಫ್‌ಐಆರ್ ಆಯಿತು. ಅದರ ಪ್ರತಿ ಮುಂದಿನ ಪ್ರತಿಯೊಂದು ಅರ್ಜಿಗೂ ಬೆಲೆ ತಂದುಕೊಟ್ಟಿತು.

ಸಂಸ್ಥೆಯಿಂದ ‘ನಿಮ್ಮ ದೂರನ್ನು ಸಂಬಂಧಪಟ್ಟ ತಂಡಕ್ಕೆ ಕಳಿಸಲಾಗಿದೆ’ ಎಂಬ ಯಾಂತ್ರಿಕ ಉತ್ತರಗಳ ಹೊರತು ಏನೂ ಬರಲಿಲ್ಲ. ಅವರ ವಸೂಲಿ ಏಜೆಂಟರ ಕರೆಗಳು ಮಾತ್ರ, ಇನ್ನೆಲ್ಲಿಂದಲೋ ನನ್ನ ನಿಜವಾದ ಸಂಖ್ಯೆ ಸಿಕ್ಕಿತೇನೋ, ಮಾರ್ಚ್‌ನಲ್ಲಿ ಶುರುವಾದವು. ತರಗತಿಯ ನಡುವೆ ಬರುತ್ತಿದ್ದ ಆ ಕರೆಗಳು ನನ್ನನ್ನು ನೋಯಿಸಿದಷ್ಟು ಮತ್ತಾವುದೂ ನೋಯಿಸಲಿಲ್ಲ. 30 ದಿನ ತುಂಬಿದ ಮರುದಿನ, ಏಪ್ರಿಲ್ 5ರಂದು, ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ ಬ್ಯಾಂಕು, ಸಾಲ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟೆ. 2021ರ ನವೆಂಬರ್‌ನಲ್ಲಿ ಆರಂಭವಾದ ಈ ಸಮಗ್ರ ಓಂಬುಡ್ಸ್‌ಮನ್ ಯೋಜನೆಯ ವ್ಯಾಪ್ತಿಗೆ 2022ರ ಸೆಪ್ಟೆಂಬರ್ 1ರಿಂದ ಕ್ರೆಡಿಟ್ ಬ್ಯೂರೋಗಳನ್ನೂ ತರಲಾಗಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಸಂಸ್ಥೆಗೆ ಲಿಖಿತ ದೂರು ಕೊಟ್ಟು, 30 ದಿನ ಕಾದು ಅಥವಾ ಅತೃಪ್ತಿಕರ ಉತ್ತರ ಪಡೆದು ಬಂದಿರಬೇಕು. ನೇರವಾಗಿ ಹೋದರೆ ದೂರು ಅಲ್ಲೇ ತಿರಸ್ಕೃತವಾಗುತ್ತದೆ. ನಾನು ಅಂಚೆ ರಸೀದಿಯನ್ನು ಜೋಪಾನ ಮಾಡಿದ್ದು ಇದಕ್ಕೇ. ರಿಸರ್ವ್ ಬ್ಯಾಂಕಿನ 14448 ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಿ, ಯಾವ ಕಾಗದ ಎಲ್ಲಿ ಸೇರಿಸಬೇಕು ಎಂದು ಕೇಳಿ ತಿಳಿದುಕೊಂಡೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಎರಡು ಸಲ ಹೇಳಿದರು. ಇಂಟರ್ನೆಟ್ ಬಾರದವರು ಚಂಡೀಗಢದ ರಿಸರ್ವ್ ಬ್ಯಾಂಕ್ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ನಾನು ಬಳಸಿದ ಎಲ್ಲ ಸೇವೆಗಳಲ್ಲಿ ಪೂರ್ಣ ಮನಸ್ಸಿನಿಂದ ಹೊಗಳಬಹುದಾದದ್ದು ಇದೊಂದೇ.

ಓಂಬುಡ್ಸ್‌ಮನ್ ಕಚೇರಿಯ ನೋಟಿಸ್ ಹೋದ ಕೆಲವೇ ದಿನಗಳಲ್ಲಿ, ಐದು ವಾರ ಬಾಯಿ ಬಿಡದ ಸಂಸ್ಥೆಯಿಂದ ಏಪ್ರಿಲ್ 11ರಂದು ಕೆವೈಸಿ ಪ್ರತಿಗಳು ಬಂದವು. ಅವುಗಳನ್ನು ಫೋನಿನಲ್ಲಿ ತೆರೆದಾಗ ಕಂಡದ್ದು ನನ್ನದೇ ಪ್ಯಾನ್ ಕಾರ್ಡಿನ ಜೆರಾಕ್ಸ್. ಅದರ ಕೆಳಗೆ ನನ್ನದೇ ಸಹಿ. ಎಡಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ, ಮೂಲೆಯಲ್ಲಿ ಸ್ಟೇಪ್ಲರ್ ಪಿನ್ ಕಿತ್ತ ಎರಡು ತೂತುಗಳ ನೆರಳು. ಆ ಗೆರೆಯನ್ನು ನಾನು ಗುರುತು ಹಿಡಿದೆ. ನಮ್ಮ ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯ ಯಂತ್ರ ಒಂದು ಕಾಲದಲ್ಲಿ ಎಲ್ಲ ಪ್ರತಿಗಳ ಮೇಲೂ ಆ ಗೆರೆಯನ್ನು ಎಳೆಯುತ್ತಿತ್ತು; ಎರಡು ವರ್ಷದ ಹಿಂದೆ ಕಂತಿನಲ್ಲಿ ಫೋನ್ ಕೊಳ್ಳುವಾಗ ಅಲ್ಲಿಯೇ ಪ್ರತಿ ಮಾಡಿಸಿ, ಸಹಿ ಹಾಕಿ, ಅಂಗಡಿಯವರ ಮೇಜಿನ ಮೇಲೆ ಇಟ್ಟು, ಕೊನೆಗೆ ನಗದು ಕೊಟ್ಟೇ ಫೋನ್ ತಂದಿದ್ದೆ. ಆ ಕಾಗದವನ್ನು ವಾಪಸ್ ಕೇಳಲಿಲ್ಲ. ಯಾವ ಕೆಲಸಕ್ಕೆ, ಯಾವ ದಿನಾಂಕದಂದು ಕೊಟ್ಟದ್ದು ಎಂದು ಅದರ ಮೇಲೆ ಬರೆದಿರಲೂ ಇಲ್ಲ. ಜೊತೆಗಿದ್ದ ಸೆಲ್ಫಿಯಲ್ಲಿ ಇದ್ದ ಮುಖ ನನ್ನದಲ್ಲ, ನನ್ನ ಅರ್ಧ ವಯಸ್ಸಿನ ಒಬ್ಬ ಹುಡುಗಿಯದು. ಅದನ್ನೂ ಪ್ಯಾನ್ ಕಾರ್ಡಿನ ಭಾವಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಒಬ್ಬ ಮನುಷ್ಯ ಆ ಸಂಸ್ಥೆಯಲ್ಲಿ ಇದ್ದಿದ್ದರೆ ಈ ಸಾಲ ಹುಟ್ಟುತ್ತಲೇ ಇರಲಿಲ್ಲ. ಈಗ ನಾನು ಜೆರಾಕ್ಸ್ ಕೊಡಬೇಕಾದಾಗ ಕಾರ್ಡಿನ ಚಿತ್ರದ ಮೇಲೆಯೇ ಅಡ್ಡಲಾಗಿ ಉದ್ದೇಶ ಮತ್ತು ದಿನಾಂಕ ಬರೆಯುತ್ತೇನೆ, ಆಧಾರ್ ಆದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಪ್ರತಿಯನ್ನು ಕೊಡುತ್ತೇನೆ, ಬಯೋಮೆಟ್ರಿಕ್ ಲಾಕ್ ಹಾಕಿಟ್ಟಿದ್ದೇನೆ.

ಏಪ್ರಿಲ್ 17ರಂದು ಮೂರೂ ಬ್ಯೂರೋಗಳ ವರದಿಯಿಂದ ಆ ಖಾತೆ ಹೋಯಿತು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಹಕ್ಕಿನ ಬಗ್ಗೆ ಹೇಳಲೇಬೇಕು. ದೂರು 30 ದಿನದೊಳಗೆ ಬಗೆಹರಿಯದಿದ್ದರೆ ಅನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಸಲ್ಲಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಆದೇಶ ಹೊರಡಿಸಿತು. 21 ದಿನದೊಳಗೆ ಉತ್ತರಿಸದೆ ತಡಮಾಡಿದ್ದು ಸಾಲ ಸಂಸ್ಥೆಯಾದರೆ ಅದು ಕೊಡಬೇಕು; ಸಂಸ್ಥೆ ಸಮಯಕ್ಕೆ ಸರಿಯಾಗಿ ತಿದ್ದುಪಡಿ ಕಳಿಸಿಯೂ ಬ್ಯೂರೋ ತಡಮಾಡಿದ್ದರೆ ಬ್ಯೂರೋ ಕೊಡಬೇಕು. ದೂರು ಬಗೆಹರಿದ ಐದು ಕೆಲಸದ ದಿನಗಳೊಳಗೆ ಹಣ ಖಾತೆಗೆ ಬರಬೇಕು. ನನ್ನ ಎರಡನೇ ದೂರಿನ 30 ದಿನ ಏಪ್ರಿಲ್ 4ಕ್ಕೆ ಮುಗಿದಿತ್ತು, ತಿದ್ದುಪಡಿ ಆದದ್ದು 17ಕ್ಕೆ. ಹದಿಮೂರು ದಿನಕ್ಕೆ 1,300 ರೂಪಾಯಿ. ಅದು ತಾನಾಗಿ ಬರಲಿಲ್ಲ. ಆದೇಶದ ದಿನಾಂಕವನ್ನು ಉಲ್ಲೇಖಿಸಿ ಒಂದು ಇಮೇಲ್ ಬರೆದ ಮೇಲೆ ಮೇ 6ರಂದು ಜಮೆಯಾಯಿತು. ಮೂರು ಬ್ಯೂರೋಗಳಲ್ಲಿ ಕೊಟ್ಟ ಮೂರು ದೂರುಗಳಿದ್ದರೂ ಲೆಕ್ಕ ಹಾಕಿದ್ದು ಒಂದಕ್ಕೆ ಮಾತ್ರ. ನಾನು ಅದನ್ನು ಮುಂದಕ್ಕೆ ಎಳೆಯಲಿಲ್ಲ. ಮೊತ್ತ ಚಿಕ್ಕದು ನಿಜ, ಆದರೆ ತಪ್ಪು ತಮ್ಮದೆಂದು ಆ ಸಂಸ್ಥೆ ಕಾಗದದ ಮೇಲೆ ಒಪ್ಪಿಕೊಂಡಂತಾದದ್ದು ಆ ಜಮೆಯಿಂದಲೇ. ಇಲ್ಲಿ ಒಂದು ಎಚ್ಚರಿಕೆ: ಸ್ಕೋರ್ ಲೆಕ್ಕ ಹಾಕಿದ ಬಗೆಯ ಮೇಲಿನ ದೂರಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ‘ನನ್ನ ಸ್ಕೋರ್ ಏಕೆ ಇಳಿಯಿತು’ ಎಂದು ದೂರಬಾರದು, ‘ಈ ಖಾತೆ ನನ್ನದಲ್ಲ’ ಎಂದೇ ದೂರಬೇಕು.

ಈ ಎರಡು ತಿಂಗಳಲ್ಲಿ ‘ಸಿಬಿಲ್ ಕ್ಲಿಯರ್ ಮಾಡಿಸಿಕೊಡುತ್ತೇವೆ’ ಎನ್ನುವ ಇಬ್ಬರು ನನ್ನನ್ನು ಸಂಪರ್ಕಿಸಿದರು. ಒಬ್ಬರು 8,000 ರೂಪಾಯಿ ಕೇಳಿದರು. ಇನ್ನೊಬ್ಬರ ಸಲಹೆ ಇನ್ನೂ ಅಪಾಯಕಾರಿಯಾಗಿತ್ತು: ಸಂಸ್ಥೆಯೊಂದಿಗೆ ಮಾತನಾಡಿ ಅರ್ಧ ಹಣ ಕಟ್ಟಿ ‘ಸೆಟಲ್’ ಮಾಡಿಸಿಕೊಳ್ಳಿ ಎಂದರು. ಹಾಗೆ ಮಾಡಿದ್ದರೆ ನಾನು ಪಡೆಯದ ಸಾಲವನ್ನು ನನ್ನದೆಂದು ಒಪ್ಪಿಕೊಂಡಂತಾಗಿ, ‘ಸೆಟಲ್ಡ್’ ಎಂಬ ಪದ ವರ್ಷಗಳ ಕಾಲ ವರದಿಯಲ್ಲಿ ಉಳಿಯುತ್ತಿತ್ತು; ಪೂರ್ತಿ ಕಟ್ಟದೆ ರಾಜಿಯಾದವರು ಎಂದೇ ಬ್ಯಾಂಕುಗಳು ಅದನ್ನು ಓದುತ್ತವೆ. ಇವರು ಮಾಡುವ ನ್ಯಾಯವಾದ ಕೆಲಸ ಏನಾದರೂ ಇದ್ದರೆ ಅದನ್ನು ನಾವೇ ಉಚಿತವಾಗಿ ಮಾಡಬಹುದು. ಇಂಥವರಿಗೆ ಪ್ಯಾನ್, ಆಧಾರ್ ಮತ್ತು ಒಟಿಪಿ ಕೊಡುವುದೆಂದರೆ ಇನ್ನೊಂದು ಕಳವಿಗೆ ನಾವೇ ಬಾಗಿಲು ತೆರೆದಂತೆ.

ಅಮೆರಿಕದಲ್ಲಿರುವ ನನ್ನ ತಂಗಿ ಈ ಕಥೆ ಕೇಳಿ, ಅಲ್ಲಿ ಮೂರು ಬ್ಯೂರೋಗಳಲ್ಲಿ ತನ್ನ ಕಡತವನ್ನು ‘ಫ್ರೀಜ್’ ಮಾಡಿಟ್ಟಿರುವುದಾಗಿ ಹೇಳಿದಳು. 2018ರ ಸೆಪ್ಟೆಂಬರ್‌ನಿಂದ ಅಲ್ಲಿ ಅದು ಕಾನೂನಿನ ಪ್ರಕಾರವೇ ಉಚಿತ. ಫ್ರೀಜ್ ಇದ್ದಾಗ ಹೊಸ ಸಾಲ ಸಂಸ್ಥೆ ವರದಿಯನ್ನು ತೆರೆಯಲಾಗದು, ತೆರೆಯದೆ ಸಾಲ ಕೊಡುವವರು ವಿರಳ. ನಮ್ಮ 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ತಪ್ಪನ್ನು ತಿದ್ದಿಸುವ ಹಕ್ಕನ್ನು ಕೊಟ್ಟಿದೆಯೇ ಹೊರತು ಮೊದಲೇ ಬೀಗ ಹಾಕಿಕೊಳ್ಳುವ ಹಕ್ಕನ್ನು ಕೊಟ್ಟಿಲ್ಲ. ವರ್ಷವಿಡೀ ಸಾಲದ ಅಗತ್ಯವೇ ಇಲ್ಲದ ನನ್ನಂಥವರಿಗೆ ಈ ಬೀಗ ಎಲ್ಲಕ್ಕಿಂತ ದೊಡ್ಡ ಉಪಕಾರವಾಗುತ್ತಿತ್ತು. ಅದಿಲ್ಲದ ಕಾರಣ ನಾಲ್ಕು ಬ್ಯೂರೋಗಳ ಉಚಿತ ವರದಿಯನ್ನು ಮೂರು ತಿಂಗಳಿಗೊಂದರಂತೆ ಹಂಚಿಕೊಂಡು ನೋಡುವ ಕ್ರಮ ಇಟ್ಟುಕೊಂಡಿದ್ದೇನೆ. 2025ರ ಜನವರಿಯಿಂದ ಸಂಸ್ಥೆಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕೆಂದು ಆದದ್ದರಿಂದ ಹೊಸ ತಪ್ಪೇನಾದರೂ ಇದ್ದರೆ ಮೊದಲಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಅಂಕ ಕೊಡಬೇಕೆಂದರೆ, ವರದಿ ಪಡೆಯುವ ಸೇವೆಗೆ ಐದಕ್ಕೆ ನಾಲ್ಕು, ಬ್ಯೂರೋಗಳ ಡಿಸ್ಪ್ಯೂಟ್ ಸೇವೆಗೆ ಎರಡೂವರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಸೇವೆಗೆ ಐದಕ್ಕೆ ಐದು ಕೊಡುತ್ತೇನೆ. ಮೇ ತಿಂಗಳ ಕೊನೆಗೆ ನನ್ನ ಸ್ಕೋರ್ 774ಕ್ಕೆ ಬಂತು, ಜೂನ್‌ನಲ್ಲಿ ಮನೆ ಸಾಲ ಮಂಜೂರಾಯಿತು, ಈಗ ತಾರಸಿಯ ಕೆಲಸ ನಡೆಯುತ್ತಿದೆ. ಆದರೆ ನಾಲ್ಕನೆಯ ಬ್ಯೂರೋದ ವರದಿಯಲ್ಲಿ ಆ ಅಪರಿಚಿತ ಊರಿನ ವಿಳಾಸ ಇಂದಿಗೂ ನನ್ನ ಹೆಸರಿನ ಕೆಳಗೇ ಇದೆ. ಖಾತೆ ಅಳಿಸಿದರೂ ಅದರೊಂದಿಗೆ ಬಂದ ವಿಳಾಸ ಉಳಿದುಕೊಂಡಿದೆ. ಅದನ್ನು ತೆಗೆಸಲು ಕಳೆದ ಸೋಮವಾರ ಹೊಸ ಡಿಸ್ಪ್ಯೂಟ್ ಹಾಕಿ, ಎಫ್‌ಐಆರ್ ಪ್ರತಿಯನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಲಗತ್ತಿಸಿದ್ದೇನೆ, ಮೂವತ್ತನೇ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ.